ಮುಚ್ಚಳ ಮುಚ್ಚಿದ ಮೇಲೆ

2016ರ ದಸರಾ ರಜೆಗೆ ದಾವಣಗೆರೆಗೆ ಹೋದಾಗ, ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಅಪ್ಪನ ಲ್ಯಾಪ್‌ಟಾಪಿನ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದರು. ದಿನವೂ ಬೆಳಿಗ್ಗೆ ಅದರ ಮುಂದೆ ಕೂತು, ತಾವು ದುಡಿದ ಹತ್ತಿ ಗಿರಣಿಯ ದಿನಗಳನ್ನು ಒಂದೊಂದೇ ಅಕ್ಷರ ಕುಟ್ಟುತ್ತಿದ್ದವರು ಅವರು.

"ಬರೆಯೋದು ನಿಲ್ಲಿಸಿಬಿಟ್ರಾ ಅಪ್ಪಾ?"

"ನಾನೇ ಏನೋ ಒತ್ತಿ ಕೆಡಿಸಿದೀನಿ ಕಣೋ. ನಿನಗ್ಯಾಕೆ ತೊಂದ್ರೆ ಅಂತ ಹೇಳಲಿಲ್ಲ."

ಕೆಡಿಸಿದ್ದು ನಾನು. ಆ ಹಳೇ ಲ್ಯಾಪ್‌ಟಾಪಿಗೆ ಒಂದು ರೋಗವಿತ್ತು. ಮುಚ್ಚಳ ಮುಚ್ಚಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ, ಆದರೆ ಟಚ್‌ಪ್ಯಾಡ್ ಮಾತ್ರ ಏಳುವುದಿಲ್ಲ. ಉಬುಂಟು 14.04 ಹಾಕಿಕೊಟ್ಟಾಗ ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ. ಮಲಗುವ ಮೊದಲು ಟಚ್‌ಪ್ಯಾಡಿನ ಡ್ರೈವರನ್ನು ಕಳಚು, ಎದ್ದ ಮೇಲೆ ಮತ್ತೆ ಹಾಕು. ಅಷ್ಟೇ. ಎರಡು ವರ್ಷ ತಂಟೆಯಿಲ್ಲದೆ ನಡೆಯಿತು.

ಶ್ರಾವಣದಲ್ಲಿ ಬಂದವನು ಅದನ್ನು 16.04ಕ್ಕೆ ಏರಿಸಿದೆ. ಪರದೆ ಬಂತು, ಕನ್ನಡ ಬಂತು. ಮುಚ್ಚಳವನ್ನು ಒಮ್ಮೆ ಮುಚ್ಚಿ ತೆರೆದು ನೋಡುವಷ್ಟು ವ್ಯವಧಾನವಿಲ್ಲದೆ ಬೆಂಗಳೂರಿನ ರೈಲು ಹತ್ತಿದ್ದೆ.

ಉಬುಂಟು 15.04ರಿಂದ ಯಂತ್ರವನ್ನು ಮಲಗಿಸಿ ಎಬ್ಬಿಸುವ ಕೆಲಸ ಸಿಸ್ಟಮ್‌ಡಿಯ ಪಾಲಿಗೆ ಬಂದಿತ್ತು. ಹಳೆಯ ಪಿಎಂ-ಯುಟಿಲ್ಸ್‌ನ ಫೋಲ್ಡರಿನಲ್ಲಿದ್ದ ನನ್ನ ಸ್ಕ್ರಿಪ್ಟನ್ನು ಯಾರೂ ಅಳಿಸಿರಲಿಲ್ಲ. ಅದನ್ನು ಯಾರೂ ಕರೆಯುತ್ತಿರಲಿಲ್ಲ, ಅಷ್ಟೇ. ದೋಷದ ಒಂದು ಸಂದೇಶವೂ ಇಲ್ಲ.

ಫೈಲನ್ನು ಹೊಸ ಫೋಲ್ಡರಿಗೆ ನಕಲಿಸಿದೆ. ಊಹೂಂ. ಅರ್ಧ ದಿನ ಡ್ರೈವರನ್ನೇ ಬೈದೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಮತ್ತೆ ಓದಿದಾಗ ಹೊಳೆಯಿತು: ಹಳಬ 'ಸಸ್ಪೆಂಡ್', 'ರೆಸ್ಯೂಮ್' ಎಂದು ಕೂಗುತ್ತಿದ್ದ, ಹೊಸಬ 'ಪ್ರಿ', 'ಪೋಸ್ಟ್' ಎನ್ನುತ್ತಾನೆ. ನನ್ನ ಸ್ಕ್ರಿಪ್ಟು ಕರೆದಾಗ ಬರುತ್ತಿತ್ತು, ತನಗೆ ಗೊತ್ತಿರುವ ಪದ ಕೇಳದೆ ಸುಮ್ಮನೆ ವಾಪಸು ಹೋಗುತ್ತಿತ್ತು. ಎರಡು ಪದ ತಿದ್ದಿದೆ. ಮುಚ್ಚಿ ತೆರೆದೆ. ಬಾಣದ ಗುರುತು ಓಡಾಡಿತು. ಮತ್ತೆ ಹತ್ತು ಸಲ ಮುಚ್ಚಿ ತೆರೆದೆ. ಈ ಕೆಲಸ ಶ್ರಾವಣದಲ್ಲೇ ಮಾಡಬೇಕಿತ್ತು.

ಆಮೇಲೆ ಗಿರಣಿಯ ಫೈಲ್ ಹುಡುಕಿದೆ. ಮೊದಲ ಎರಡು ಪುಟ ಮಾತ್ರ ಇತ್ತು. ಬಾಣ ಅಲುಗದಿದ್ದಾಗ ಅಪ್ಪ ಪವರ್ ಬಟನ್ ಒತ್ತಿ ಹಿಡಿದು ಆರಿಸಿದ್ದರು. ಮತ್ತೆ ಹಾಕಿದಾಗ, ಉಳಿಸಿಕೊಳ್ಳಲೇ ಎಂದು ಲಿಬ್ರೆ ಆಫೀಸ್ ಕೇಳಿತ್ತಂತೆ. "ಏನೇನೋ ಇಂಗ್ಲಿಷಿನಲ್ಲಿ ಬಂತು. ಇನ್ನೂ ಕೆಟ್ಟೀತು ಅಂತ ಬೇಡ ಅಂದೆ."

ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತುವುದನ್ನು ನಾನು ಅವರಿಗೆ ಹೇಳಿಕೊಟ್ಟೇ ಇರಲಿಲ್ಲ. ಅವತ್ತು ಹೇಳಿಕೊಟ್ಟೆ. ಅಪ್ಪ ಕನ್ನಡಕ ಹಾಕಿ ಕೂತರು. ಬಹಳ ಹೊತ್ತು ಏನೂ ಒತ್ತಲಿಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೇಳಿದರು: "ಲೇ, ನಮ್ಮ ಮೊದಲನೇ ಪಾಳಿ ಸೈರನ್ನು ಎಷ್ಟು ಹೊತ್ತಿಗೆ ಆಗ್ತಿತ್ತು?"

"ಅವತ್ತು ಬರೆದು ಓದಿ ಹೇಳಿದ್ರಲ್ಲ, ಅದರಲ್ಲೇ ನೋಡ್ರಿ" ಅಂದಳು ಅಮ್ಮ.

ನಾನು ಇಸ್ತ್ರಿ ಬಟ್ಟೆ ಎತ್ತಿಕೊಂಡು ಒಳಗೆ ಹೋದೆ.