ಅಪ್ಪಯ್ಯನ ಅಕ್ಷರ, ನನ್ನ ಲಿನಕ್ಸ್

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಇದನ್ನು ಬರೆಯಲೇಬೇಕು ಅನ್ನಿಸಿತು. ನನ್ನ ಹಾಗೆ ಮನೆಯವರ ಕಂಪ್ಯೂಟರಿಗೆ ಕೈ ಹಾಕುವವರು ನಿಮ್ಮಲ್ಲೂ ಇರಬಹುದಲ್ಲ...

ಊರಿನಲ್ಲಿ ಅಪ್ಪಯ್ಯನ ಲ್ಯಾಪ್‌ಟಾಪ್ ಇದೆ. 2015ರಲ್ಲಿ ನಾನು ಕೊಂಡಿದ್ದು, ಹಳತಾದ ಮೇಲೆ ಅವರಿಗೆ ಕೊಟ್ಟಿದ್ದು. ಅದರಲ್ಲಿ ವಿಂಡೋಸ್ 10 ಇತ್ತು. ಅಪ್ಪಯ್ಯ ಮೇಷ್ಟರಾಗಿ ರಿಟೈರ್ ಆದವರು. 2017ರಿಂದ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಒಂದು ಗಂಟೆ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಪಾಠ ಹೇಳಿದ ಶಾಲೆಗಳು, ಮಳೆಗಾಲದಲ್ಲಿ ಹಳ್ಳ ದಾಟಿ ಬರುತ್ತಿದ್ದ ಮಕ್ಕಳು, ಅಜ್ಜನ ಅಡಿಕೆ ತೋಟದ ಜಗಳ, ಹೀಗೆ ಎಲ್ಲಾ ಅದರಲ್ಲಿದೆ. ಒಟ್ಟು 63 ಫೈಲು. ನಾನು ಒಂದನ್ನೂ ಪೂರ್ತಿ ಓದಿರಲಿಲ್ಲ. "ಚೆನ್ನಾಗಿದೆ ಅಪ್ಪಯ್ಯ, ಬರೀರಿ" ಅಂತ ಹೇಳುತ್ತಿದ್ದೆ, ಅಷ್ಟೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು. ಈ ಹಳೇ ಪೆಟ್ಟಿಗೆಯಲ್ಲಿ ಎರಡೂ ಇಲ್ಲ. ಅಪ್ಪಯ್ಯ ಅದರಲ್ಲೇ ಪೆನ್ಶನ್ ಖಾತೆಯನ್ನೂ ನೋಡುತ್ತಾರೆ, ಹಾಗಾಗಿ ಹಾಗೇ ಬಿಡುವುದಕ್ಕೂ ಹೆದರಿಕೆ.

ಆಗ ನನ್ನೊಳಗಿನ ಹಳೇ ಹುಚ್ಚು ಎದ್ದು ಕೂತಿತು. 2006ರಲ್ಲಿ ಹಾಸ್ಟೆಲ್ಲಿನಲ್ಲಿದ್ದಾಗ ಉಬುಂಟು ಸಿಡಿಯನ್ನು ಪುಕ್ಕಟೆ ತರಿಸಿಕೊಂಡಿದ್ದೆ. ಬೇಕು ಅಂತ ವಿಳಾಸ ಕೊಟ್ಟರೆ ಸಾಕು, ಅಂಚೆ ಖರ್ಚನ್ನೂ ಅವರೇ ಹಾಕಿ ಕಳಿಸುತ್ತಿದ್ದರು. ಆ ವ್ಯವಸ್ಥೆ 2011ರಲ್ಲಿ ನಿಂತುಹೋಯಿತು. ಆಗ ನನ್ನ ಮೋಡೆಮ್ಮನ್ನು ಅದು ಗುರುತಿಸಲೇ ಇಲ್ಲ, ಎರಡು ವಾರ ಒದ್ದಾಡಿ ವಿಂಡೋಸ್‌ಗೇ ವಾಪಸ್ಸಾಗಿದ್ದೆ. ಈಗ ಹಾಗಿಲ್ಲ. ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕ್ ಮುಟ್ಟದೆ ಅದರಿಂದಲೇ ಓಡಿಸಿ ನೋಡಿದೆ. ವೈಫೈ, ಸದ್ದು, ಪ್ರಿಂಟರ್ ಎಲ್ಲಾ ಸರಿ. ಕನ್ನಡಕ್ಕೆ ಐಬಸ್ ಮತ್ತು ಎಮ್‌17ಎನ್ ಹಾಕಿಕೊಂಡರೆ ಪಟ್ಟಿಯಲ್ಲಿ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ನುಡಿ ಕೀಲಿಮಣೆ.

ದೀಪಾವಳಿಗೆ ಊರಿಗೆ ಹೋದವನು ಒಂದು ಮಧ್ಯಾಹ್ನ ಕೂತು ಅಪ್ಪಯ್ಯನ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೆ. ಫೋಲ್ಡರನ್ನು ವಾಪಸ್ ಇಟ್ಟೆ. ಅಪ್ಪಯ್ಯನ ಕೈಯಲ್ಲಿ ಹೊಸ ಫೈಲಿನಲ್ಲಿ ಎರಡು ಸಾಲು ಟೈಪ್ ಮಾಡಿಸಿದೆ. "ಅಡ್ಡಿಲ್ಲ, ಬೆರಳಿಗೆ ವ್ಯತ್ಯಾಸ ಗೊತ್ತಾಗಲ್ಲ" ಅಂದರು. ನಾನು ಖುಷಿಯಿಂದ ಬೆಂಗಳೂರಿನ ಬಸ್ಸು ಹತ್ತಿದೆ.

ಹಳೆಯ ಫೈಲನ್ನು ಒಂದೇ ಒಂದು ಸಲ ತೆರೆದು ನೋಡಲಿಲ್ಲ.

ಮೂರು ದಿನ ಫೋನೇ ಇಲ್ಲ. ನಾಲ್ಕನೇ ದಿನ ಅಮ್ಮ ಮಾಡಿದರು. "ಅಪ್ಪಯ್ಯ ಬೆಳಿಗ್ಗೆ ಕಂಪ್ಯೂಟರಿನ ಎದುರು ಕೂರುತ್ತಲೇ ಇಲ್ಲ ಕಣೋ, ಕೇಳಿದ್ರೆ ಸಿಡುಕುತ್ತಾರೆ" ಅಂದರು. ಅಪ್ಪಯ್ಯನಿಗೆ ಕೊಡಿಸಿ ಕೇಳಿದೆ.

"ಎಂತ ಮಾಡಿದ್ಯಾ ಮಾರಾಯ? ನಾನು ಬರೆದದ್ದು ಒಂದಕ್ಷರ ಉಳಿದಿಲ್ಲ. ಯಾವುದನ್ನ ತೆಗೆದರೂ ಪರಂಗಿ ಭಾಷೆ."

ಬೈದಿದ್ದರೆ ಪರವಾಗಿರಲಿಲ್ಲ. "ಇರ್ಲಿ ಬಿಡು, ಯಾರು ಓದುವವರಿದ್ರು" ಅಂದುಬಿಟ್ಟರು. ಆ ಮಾತು ನನಗೆ ತಾಗಬೇಕಾದಲ್ಲೇ ತಾಗಿತು.

ಆಗಿದ್ದು ಇಷ್ಟು. ಆ ಹಳೇ ಪದ್ಧತಿಯ ಬರಹದಲ್ಲಿ ಕನ್ನಡಕ್ಕೆ ಸ್ವಂತ ಮನೆ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಬರೆದು ಕೂರಿಸಿದ್ದಾರೆ. ಫಾಂಟ್ ಇದ್ದರೆ ಅದು ಕನ್ನಡ, ಇಲ್ಲದಿದ್ದರೆ ಟೋಪಿ, ಚುಕ್ಕೆ ಹೊತ್ತ ಪರದೇಶಿ ಅಕ್ಷರ. ಯುನಿಕೋಡ್‌ನಲ್ಲಾದರೆ ಕನ್ನಡಕ್ಕೆಂದೇ 128 ಮನೆಗಳಿವೆ, ಯಾವ ಫಾಂಟ್ ಹಾಕಿದರೂ ಕ ಅಂದರೆ ಕ. ವಿಂಡೋಸ್ ಜೊತೆಗೆ ನುಡಿಯ ಫಾಂಟನ್ನೂ ನಾನೇ ಅಳಿಸಿದ್ದೆ. ಹೊಸದಾಗಿ ಟೈಪ್ ಮಾಡಿಸಿದ ಎರಡು ಸಾಲು ಯುನಿಕೋಡ್, ಅದಕ್ಕೇ ಅದು ಸರಿಯಾಗಿ ಕಂಡಿತ್ತು. ತಪ್ಪು ವಿಂಡೋಸಿನದೂ ಅಲ್ಲ, ಲಿನಕ್ಸಿನದೂ ಅಲ್ಲ, ನುಡಿಯದಂತೂ ಅಲ್ಲವೇ ಅಲ್ಲ.

ಶುಕ್ರವಾರ ರಾತ್ರಿ ಬಸ್ಸಿಗೆ ಮತ್ತೆ ಹೊರಟೆ. ಗೆಳೆಯನ ಹಳೇ ಕಂಪ್ಯೂಟರಿನಿಂದ ತಂದ ನುಡಿ ಫಾಂಟುಗಳನ್ನು ಹಾಕಿ ಲಿಬ್ರೆ ಆಫೀಸಿನಲ್ಲಿ ಮೊದಲ ಫೈಲು ತೆರೆದೆ. ಕನ್ನಡ! ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಓದಿದರು. ಏನೂ ಹೇಳಲಿಲ್ಲ, "ಕಾಫಿ ಕುಡಿ" ಅಂದರು :)

ಅಲ್ಲಿಗೆ ಬಿಡಬಹುದಿತ್ತು. ಆದರೆ ನಾಳೆ ಇನ್ನೊಂದು ಕಂಪ್ಯೂಟರಿಗೆ ಹೋದಾಗ ಮತ್ತೆ ಇದೇ ಗೋಳು. ಹಾಗಾಗಿ ಮೂಲದ ಫೋಲ್ಡರನ್ನು ಮುಟ್ಟದೆ ಬೇರೆ ಇಟ್ಟು, ನಕಲುಗಳನ್ನು ಯುನಿಕೋಡ್‌ಗೆ ಬದಲಾಯಿಸುವ ಕೆಲಸಕ್ಕೆ ಕೂತೆ. ಪರಿವರ್ತಕಗಳು ಸಿಗುತ್ತವೆ, ಕ್ಷಣದಲ್ಲಿ ಮುಗಿಯುತ್ತದೆ, ಆದರೆ ನೂರಕ್ಕೆ ನೂರು ಸರಿ ಬರುವುದಿಲ್ಲ. ಅರ್ಕಾವತ್ತನ್ನೇ ನೋಡಿ. 'ವರ್ಷ' ಬರೆಯುವಾಗ ಅದನ್ನು ಷ ಆದ ಮೇಲೆ ಹಾಕುತ್ತೇವೆ, ನುಡಿ ಫೈಲಿನಲ್ಲೂ ಅದೇ ಕ್ರಮ. ಯುನಿಕೋಡ್‌ನಲ್ಲಿ ಮಾತ್ರ ಉಚ್ಚಾರದ ಹಾಗೆ ರ ಮೊದಲು ಬರಬೇಕು. ಅಲ್ಲಲ್ಲಿ ಅದು ಎಡವಿತ್ತು. ಹಾಗಾಗಿ ಸಾಲು ಸಾಲು ಓದಿ ತಿದ್ದಬೇಕಾಯಿತು. ಎಂಟು ವರ್ಷದಲ್ಲಿ ಓದದೇ ಇದ್ದದ್ದನ್ನು ಒಂದು ಅರ್ಕಾವತ್ತು ಓದಿಸಿತು ನೋಡಿ.

ಇನ್ನೊಂದು ತಮಾಷೆ ಇದೆ. ಅಪ್ಪಯ್ಯ ನಡುವೆ ಇಂಗ್ಲಿಷಿನಲ್ಲಿ ಬರೆದ ಪದಗಳನ್ನೂ ಪರಿವರ್ತಕ ನುಡಿ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. 1998ರ ಬಗ್ಗೆ ಬರೆದ ಕಡೆ ಒಂದು ಸಾಲು ಹೀಗಿತ್ತು: "ಸೊಸೈಟಿಯಲ್ಲಿ 3,000 ರೂಪಾಯಿ ಸಾಲ ಮಾಡಿದೆ, ಮಗನ..." ಮುಂದೆ ಬರೀ ಕಲಸುಮೇಲೋಗರ. ಮೂಲ ಫೈಲು ತೆರೆದು ನೋಡಿದೆ. ಅಲ್ಲಿದ್ದದ್ದು 'ಕಂಪ್ಯೂಟರ್ ಕ್ಲಾಸ್'.

ಶಿವಮೊಗ್ಗದ ಆ ರಜೆಯ ಕ್ಲಾಸು ನನಗೆ ಚೆನ್ನಾಗಿ ನೆನಪಿದೆ. ಸಾಲದ ವಿಷಯ ಗೊತ್ತೇ ಇರಲಿಲ್ಲ.

"ಹೇಳಲೇ ಇಲ್ವಲ್ಲ ಅಪ್ಪಯ್ಯ" ಅಂದೆ.

"ಬರೆದಿದ್ದೆನಲ್ಲ" ಅಂದರು.

ಇನ್ನೂ 40 ಫೈಲು ಬಾಕಿ ಇವೆ, ಊರಿಗೆ ಹೋದಾಗಲೆಲ್ಲ ಇಬ್ಬರೂ ಕೂತು ತಿದ್ದುತ್ತೇವೆ. ನಿಮ್ಮ ಮನೆಯಲ್ಲೂ ನುಡಿ, ಬರಹದ ಹಳೇ ಫೈಲುಗಳಿದ್ದರೆ ವ್ಯವಸ್ಥೆ ಬದಲಿಸುವ ಮೊದಲು ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳಿ. ನಕಲು ಮಾಡಿದರೆ ಸಾಲದು, ಪೆನ್‌ಡ್ರೈವಿನಿಂದಲೇ ಹೊಸ ವ್ಯವಸ್ಥೆಯಲ್ಲಿ ಒಂದೆರಡನ್ನು ತೆರೆದು ನೋಡಿ, ಆಮೇಲೆ ಅಳಿಸಿ. ತೆರೆದಿದ್ದೀರಿ ಅಂದ ಮೇಲೆ ಹಾಗೇ ಒಂದು ಪುಟ ಓದಿಯೂ ಬಿಡಿ...