ಗಾಜಿನ ಹೂಜಿಯ ತವರೂರು

ಪರದೇಶಕ್ಕೆ ಹೋಗಿ ಬಂದವರು ಅರಮನೆಗಳನ್ನೂ ಉದ್ಯಾನಗಳನ್ನೂ ವರ್ಣಿಸುವುದು ವಾಡಿಕೆ. ನಾನು ಬರೆಯಹೊರಟಿರುವುದಾದರೋ ಒಂದು ಹೂಜಿಯ ಜಾಡು ಹಿಡಿದು ಹೋದ ಒಂದು ದಿನದ ಪ್ರಯಾಣವನ್ನು ಕುರಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನನ್ನ ಮಗಳ ಸಂಸಾರವಿದೆ. ನೆರೆಮನೆಯ ವೃದ್ಧೆಯೊಬ್ಬರು ಮನೆ ಬಿಟ್ಟು ಮಗನಲ್ಲಿಗೆ ಹೊರಟಾಗ ಆಕೆಗೆ ಒಂದು ಹೂಜಿಯನ್ನು ಕೊಟ್ಟರು. ಮೈಯೆಲ್ಲ ಕೊರೆದ ಗಾಜು; ಕೊರಳು, ಮುಚ್ಚಳ, ಹಿಡಿ ಇವು ಬೆಳ್ಳಿಯವು. ಸಿರಿವಂತರ ಮನೆಗಳಲ್ಲಿ ದ್ರಾಕ್ಷಾಮದ್ಯವನ್ನು ಬಡಿಸಲು ಇಂಥವನ್ನು ಬಳಸುತ್ತಿದ್ದರು. "ನಮ್ಮ ತಾತ ಗಾಜು ಕೊರೆಯುವ ಕೆಲಸದವರು. ಇದನ್ನೇ ಅವರು ಕೊರೆದರೆಂದು ಹೇಳಲಾರೆ. ಆದರೆ ಜೀವಮಾನವೆಲ್ಲ ಇಂಥವನ್ನು ಕೊರೆದರೂ ಅವರ ಮನೆಯಲ್ಲಿ ಒಂದೂ ಇರಲಿಲ್ಲ. ಅದಕ್ಕಾಗಿಯೇ ಹಳೆಯ ಸಾಮಾನಿನ ಅಂಗಡಿಯಲ್ಲಿ ಇದನ್ನು ಕೊಂಡೆ" ಎಂದು ಅವರು ಹೇಳಿದರಂತೆ. ಈ ಮಾತು ನನ್ನ ಮನಸ್ಸಿನಲ್ಲಿ ನಾಟಿತು.

ಬೆಳ್ಳಿಯ ಕೊರಳಿನ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಮುದ್ರೆಗಳಿದ್ದುವು. ಭೂತಕನ್ನಡಿಯಲ್ಲಿ ನೋಡಲು ಒಂದು ಹಡಗಿನ ಲಂಗರು, ನಡೆಯುವ ಸಿಂಹ, ಒಂದು ಅಕ್ಷರ, ರಾಣಿಯ ಮುಖ ಕಂಡುವು. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು. ಅಲ್ಲಿ ಬೆಳ್ಳಿಯನ್ನು ಪರೀಕ್ಷಿಸುವ ಕಚೇರಿ 1773ರಲ್ಲಿ ಸ್ಥಾಪಿತವಾಯಿತು. ಸಿಂಹವಿದ್ದರೆ 1000 ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿಯೆಂದು ಅರ್ಥ. ಅರಸರ ಮುಖವು ಸುಂಕ ಸಂದಿತೆಂಬುದರ ಚಿಹ್ನೆ. ಆ ಸುಂಕ 1890ರಲ್ಲಿ ರದ್ದಾಯಿತು. ಆದುದರಿಂದ ನಮ್ಮ ಹೂಜಿ ಅದಕ್ಕಿಂತ ಈಚಿನದಲ್ಲ. ಬೆಳ್ಳಿ ತನ್ನ ಊರನ್ನು ತಾನೇ ಹೇಳಿತು. ಗಾಜು ಮಾತ್ರ ಮೌನವಾಗಿತ್ತು. ವೃದ್ಧೆಯ ತಾತ ದುಡಿದುದು ಸ್ಟೌರ್‌ಬ್ರಿಜ್ ಪ್ರಾಂತದಲ್ಲಿ ಎಂದು ತಿಳಿದಿದ್ದುದರಿಂದ ಅಲ್ಲಿಗೇ ಹೊರಟೆವು.

ಬರ್ಮಿಂಗ್‌ಹ್ಯಾಮಿನ ಪಶ್ಚಿಮಕ್ಕೆ ಸುಮಾರು 12 ಮೈಲಿ ದೂರದಲ್ಲಿರುವ ಆ ಸೀಮೆಯಲ್ಲಿ ಕಲ್ಲಿದ್ದಲೂ ಬೆಂಕಿಗೆ ಕರಗದ ಜೇಡಿಮಣ್ಣೂ ಒಂದೆಡೆಯೇ ದೊರೆಯುತ್ತಿದ್ದುವು. ಇದನ್ನು ಕಂಡು ಹದಿನೇಳನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಕಡೆಯ ಲೊರೇನ್ ಪ್ರಾಂತದಿಂದ ಬಂದ ಗಾಜುಗಾರರು ಅಲ್ಲಿ ನೆಲಸಿದರು. ವರ್ಡ್ಸ್‌ಲಿ ಎಂಬಲ್ಲಿ ಕಾಲುವೆಯ ದಡದಲ್ಲಿ "ರೆಡ್ ಹೌಸ್" ಎಂಬ ಇಟ್ಟಿಗೆಯ ಶಂಕುಗೋಪುರ ನಿಂತಿದೆ. ಸುಮಾರು 100 ಅಡಿ ಎತ್ತರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿದುದು. ಇಡೀ ಬ್ರಿಟನ್ನಿನಲ್ಲಿ ಇಂಥವು ನಾಲ್ಕೇ ಉಳಿದಿವೆ.

ಒಳಹೊಕ್ಕು ತಲೆಯೆತ್ತಿದರೆ ಗೋಡೆಗಳು ಮೇಲಮೇಲಕ್ಕೆ ಕೂಡುತ್ತ ಹೋಗಿ ತುದಿಯಲ್ಲಿ ಒಂದು ತುಂಡು ಆಕಾಶ ಕಾಣುವುದು. ಇದು ಹೊಗೆಗೂಡೂ ಹೌದು, ಕಾರ್ಖಾನೆಯೂ ಹೌದು. ನಡುವೆ ಕುಲುಮೆ, ಅದರ ಸುತ್ತ ಮೇಸ್ತ್ರಿ, ಅವನ ಸಹಾಯಕರು, ಸಾಮಾನು ಎತ್ತಿಕೊಂಡು ಹೋಗುವ ಹುಡುಗ. ಗಾಜನ್ನು ಊದುತ್ತ ಇವರು ಬೇಯುತ್ತಿದ್ದ ಸ್ಥಳದಲ್ಲಿ ಈಗ ತಣ್ಣಗೆ ಗಾಳಿ ಬೀಸುತ್ತಿತ್ತು. 1936ರಲ್ಲಿ ಇಲ್ಲಿಯ ಕುಲುಮೆ ಆರಿತು.

ಊದಿದ ಪಾತ್ರೆ ಅನಂತರ ಕೊರೆಯುವವನ ಕೈಸೇರುತ್ತಿತ್ತು. ಗಾಜಿನಲ್ಲಿ ಸೀಸವನ್ನು ಬೆರಸುವ ವಿದ್ಯೆಗೆ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬಾತ 1674ರಲ್ಲಿ ಹಕ್ಕುಪತ್ರ ಪಡೆದನು. ಸೀಸದಿಂದ ಗಾಜು ಮೆದುವಾಗಿ ಕೊರೆತಕ್ಕೆ ಒದಗುವುದು. ಬೆಳಕನ್ನು ಒಡೆದು ಬಣ್ಣಬಣ್ಣವಾಗಿ ಚೆಲ್ಲುವುದು. ತಿರುಗುವ ಕಬ್ಬಿಣದ ಚಕ್ರದ ಮೇಲೆ ಮರಳುನೀರು ತೊಟ್ಟಿಕ್ಕುತ್ತಿರುವಾಗ, ಕೆಲಸಗಾರನು ಪಾತ್ರೆಯನ್ನು ಮೇಲಿನಿಂದ ಒತ್ತಿಹಿಡಿದು, ಗಾಜಿನ ಮೂಲಕವೇ ನೋಡುತ್ತ ಗೆರೆ ತೋಡಬೇಕು. ಬಳಿಕ ಕಲ್ಲಿನ ಚಕ್ರದಲ್ಲಿ ನಯಗೊಳಿಸಿ, ಕೊನೆಗೆ ಮರದ ಚಕ್ರದಲ್ಲಿ ತವರ ಸೀಸಗಳ ಪುಡಿ ಹಚ್ಚಿ ಹೊಳಪು ಕೊಡಬೇಕು. ಈ ಪುಡಿಯೇ ಮೃತ್ಯು. ಸೀಸವು ಮೈಸೇರಿದವನಿಗೆ ಹೊಟ್ಟೆನೋವು ಬರುವುದು; ಕಡೆಗೆ ಮಣಿಕಟ್ಟು ಸೋತು ಕೈ ಜೋಲುಬೀಳುವುದು.

ಅಲ್ಲಿಯವರೆಗೆ ಸುಮ್ಮನಿದ್ದ ನನ್ನ ಮಗಳು, "ಅಮ್ಮ, ಆ ಅಜ್ಜಿಯ ತಾತನಿಗೆ ಕೊನೆಗಾಲದಲ್ಲಿ ಚಹದ ಬಟ್ಟಲನ್ನೂ ಎತ್ತಲಾಗುತ್ತಿರಲಿಲ್ಲವಂತೆ. ಮುಪ್ಪೆಂದು ಮನೆಯವರೆಲ್ಲ ತಿಳಿದಿದ್ದರಂತೆ" ಎಂದಳು. ನಾವಿಬ್ಬರೂ ಬಹಳ ಹೊತ್ತು ಕಾಲುವೆಯ ನೀರನ್ನು ನೋಡುತ್ತ ಕುಳಿತೆವು.

ಮರುದಿನ ಮನೆಗೆ ಅತಿಥಿಗಳು ಬರುವವರಿದ್ದರು. ಹಿಂದಿನ ರಾತ್ರಿಯೇ ಹೂಜಿಯಲ್ಲಿ ನಿಂಬೆಯ ಪಾನಕವನ್ನು ತುಂಬಿಡಲು ಮಗಳು ಹವಣಿಸಿದಳು. ನಾನು ಬೇಡವೆಂದೆ. ಹುಳಿಯು ಬಹಳ ಹೊತ್ತು ನಿಂತರೆ ಗಾಜಿನ ಸೀಸವನ್ನು ಸೆಳೆದುಕೊಳ್ಳುತ್ತದೆ. ಇಂಥ ಪಾತ್ರೆಯುಳ್ಳ ಗೃಹಿಣಿಯರು ಇನ್ನೊಂದನ್ನೂ ನೆನಪಿಡತಕ್ಕದ್ದು: ಬೆಳ್ಳಿಯ ಕೊರಳನ್ನು ಗಾಜಿಗೆ ಗಾರೆಯಿಂದ ಕೂಡಿಸಿರುವುದುಂಟಾದ್ದರಿಂದ ಬಿಸಿನೀರಿನಲ್ಲಿ ನೆನೆಹಾಕಬಾರದು, ತಣ್ಣೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಬೇಕು.

ಊಟದ ಹೊತ್ತಿಗೆ ಸರಿಯಾಗಿ ತಿಳಿನೀರನ್ನು ತುಂಬಿ ಹೂಜಿಯನ್ನು ಮೇಜಿನ ಮೇಲಿಟ್ಟೆವು. ಕಿಟಕಿಯ ಬಿಸಿಲು ತಾಗಿ ಬಿಳಿಯ ಹಾಸಿನ ಮೇಲೆ ಬಣ್ಣಗಳು ಚೆದರಿದುವು. ಅತಿಥಿಗಳೆಲ್ಲರೂ ಹೊಗಳಿದರು. ಕೊರೆದವನ ಹೆಸರನ್ನು ಒಬ್ಬರು ಕೇಳಿದರು. ಬೆಳ್ಳಿಗೆ ನಾಲ್ಕು ಮುದ್ರೆಗಳಿದ್ದುವು. ಅವನಿಗೆ ಒಂದೂ ಇರಲಿಲ್ಲ. ಊಟವಾದ ಮೇಲೆ ನೀರನ್ನು ಚೆಲ್ಲಿ, ಒರಸಿ, ಅದನ್ನು ಕಪಾಟಿನಲ್ಲಿಡದೆ ಕಿಟಕಿಯ ಬಳಿಯೇ ಇಟ್ಟೆವು. ಆ ಸಂಜೆ ಮಗಳು ವೃದ್ಧೆಗೆ ಪತ್ರ ಬರೆದು, ನಾವು ಹೋಗಿಬಂದ ಊರನ್ನು ತಿಳಿಸಿದಳು.