ಹಿಮದ ದಾರಿಯಲ್ಲಿ ಒಂದು ಶಾಲು

ಕಾಸರಗೋಡಿನ ಮಳೆಗಾಲಗಳಲ್ಲಿ ಗೊರಬು ಹೊತ್ತು ಶಾಲೆಗೆ ನಡೆದ ನಾವು ಹಿಮವನ್ನು ಕಂಡುದು ಎಪ್ಪತ್ತು ದಾಟಿದ ಬಳಿಕ. ನಿವೃತ್ತ ಅಧ್ಯಾಪಕರಾದ ಮೂವರು ಸ್ನೇಹಿತರು, ನಮ್ಮಲ್ಲೊಬ್ಬರ ಮಗ ಎಡಿನ್‌ಬರೋದಲ್ಲಿ ಉದ್ಯೋಗದಲ್ಲಿರುವ ನೆಪದಿಂದ, ಒಂದು ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಬೆಟ್ಟನಾಡಿಗೆ ಹೋಗಿದ್ದೆವು.

ಏವಿಮೋರ್ ನಿಲ್ದಾಣದಲ್ಲಿ ಇಳಿದೊಡನೆ ನಮ್ಮ ಕಣ್ಣು ಹೋದದ್ದು ಬೆಟ್ಟದ ಕಡೆಗಲ್ಲ, ಫಲಕದ ಕಡೆಗೆ. ಇಂಗ್ಲಿಷಿನೊಡನೆ ಗೇಲಿಕ್ ಭಾಷೆಯಲ್ಲಿಯೂ ಊರ ಹೆಸರಿತ್ತು. ಆ ಸೀಮೆಯಲ್ಲಿ ಗೇಲಿಕ್ ಮನೆಮಾತಾಗಿ ಉಳಿದಿರುವುದು ವಿರಳ. ಆದರೂ 2005ರಲ್ಲಿ ಅಲ್ಲಿನ ಸಂಸತ್ತು ಆ ಭಾಷೆಗಾಗಿ ಕಾಯಿದೆಯನ್ನೇ ಅಂಗೀಕರಿಸಿತು. ಫಲಕಗಳಿಗಾಗಿ ಅರ್ಜಿ ಬರೆದು ಬರೆದು ಕೈಸೋತ ನಾವು ಅದರ ಮುಂದೆ ಎಷ್ಟು ಹೊತ್ತು ನಿಂತೆವೆಂದರೆ, ಹುಡುಗನು "ಮಾಷ್ಟ್ರೇ, ಇಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ" ಎಂದು ಎಚ್ಚರಿಸಬೇಕಾಯಿತು.

ನಮ್ಮ ಗುರಿ 'ಮ್ಯಾಲ್ ಅ ವುವಖಿಲ್ಯ' ಎಂಬ ಗುಡ್ಡ. 'ದನಗಾಹಿಯ ಗುಡ್ಡ' ಎಂದರ್ಥ. ಎತ್ತರ 810 ಮೀಟರ್. ಮೂರು ಸಾವಿರ ಅಡಿ ಮೀರಿದ ಅಲ್ಲಿನ ಬೆಟ್ಟಗಳನ್ನು 1891ರಲ್ಲಿ ಸರ್ ಹ್ಯೂ ಮನ್ರೋ ಪಟ್ಟಿಮಾಡಿದರು. ಇದು ಆ ಪಟ್ಟಿಗೆ ಸೇರದು. ಸೇರದ ಗುಡ್ಡವೆಂದೇ ನಮಗೆ ಅದು ಸಲೀಸೆನಿಸಿತು! ಗ್ಲೆನ್‌ಮೋರ್‌ನಿಂದ ಹಳೆಯ ಪೈನ್ ಮರಗಳ ನಡುವೆ ಸಾಗಿ ಹಸಿರು ಕೊಳವೊಂದರ ದಡಕ್ಕೆ ಬಂದೆವು. ಯಕ್ಷಿಣಿಯರು ತಮ್ಮ ಹಸಿರು ಬಟ್ಟೆಗಳನ್ನು ಒಗೆಯುವುದರಿಂದ ಅದಕ್ಕೆ ಆ ಬಣ್ಣವಂತೆ. ಅಂದು ದಡದ ನೀರು ಹೆಪ್ಪುಗಟ್ಟಿತ್ತು. ಮನೆಯಿಂದ ತಂದ ಉಂಡಲಕಾಳನ್ನು ಮೆಲ್ಲುತ್ತ ಮುಂದೆ ರೈವೋನ್ ಎಂಬಲ್ಲಿನ ಕಲ್ಲಿನ ಗುಡಿಸಲನ್ನು ಸೇರಿದೆವು. ಬೀಗವಿಲ್ಲದ ಇಂತಹ ಆಸರೆಗಳಿಗೆ ಅಲ್ಲಿ 'ಬಾತಿ' ಎನ್ನುತ್ತಾರೆ. ಯಾರೂ ತಂಗಬಹುದು, ಬಾಡಿಗೆಯಿಲ್ಲ.

ಗಾಳಿ ಬಿರುಸಾಗಿತ್ತು. ನಮ್ಮಲ್ಲಿ ಗಣಿತ ಕಲಿಸುತ್ತಿದ್ದವರು ಗಡಿಯಾರ ನೋಡಿ, ಇಲ್ಲಿಂದಲೇ ಹಿಂದಿರುಗೋಣವೆಂದರು. ಉಳಿದ ಇಬ್ಬರು ಶಿಖರವೇ ಬೇಕೆಂದೆವು. ಹುಡುಗನಿಗೆ ಮತದ ಹಕ್ಕನ್ನೇ ಕೊಡಲಿಲ್ಲ. ಬಹುಮತ ಗೆದ್ದಿತು. ಒಬ್ಬನ ಮಾತನ್ನು ಸಂಖ್ಯೆಯಿಂದ ಮುಚ್ಚಿಸುವುದು ಎಂತಹುದೆಂದು ಗಡಿನಾಡಿನ ನಾವೇ ಮರೆತೆವು.

ಏರು ಹತ್ತಿ ಅರ್ಧ ಗಂಟೆಯಾಗಿರಬಹುದು. ಬೂಟಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿದ್ದರೂ ಗಾಜಿನಂತಹ ಮಂಜಿನ ಮೇಲೆ ಜಾರಿದವರು, ಬೇಡವೆಂದ ಆ ಸ್ನೇಹಿತರೇ. ಬಲಗೈ ಮಣಿಕಟ್ಟು ನೋಡನೋಡುತ್ತಲೇ ಊದಿತು. ಚಳಿಗೆಂದು ನಾವು ಸುತ್ತಿಕೊಂಡಿದ್ದುದು ಬೀಳ್ಕೊಡುಗೆಯಂದು ಹೊದಿಸಿದ ಸನ್ಮಾನದ ಶಾಲು. ಅದನ್ನೇ ಬಿಚ್ಚಿ ಅವರ ಕೈಯನ್ನು ಕೊರಳಿಗೆ ಕಟ್ಟಿದೆವು. ಇಳಿಯುವಾಗ ಯಾರೂ ಮಾತನಾಡಲಿಲ್ಲ. ಕತ್ತಲು ಕವಿಯಿತು, ಹುಡುಗನ ಹಣೆದೀಪದ ಬೆಳಕಿನಲ್ಲಿ ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ಹೆಜ್ಜೆಯಿಟ್ಟು ಗ್ಲೆನ್‌ಮೋರ್ ತಲುಪಿದೆವು. ಅಲ್ಲಿ ಕ್ಷಮೆ ಕೇಳಿದಾಗ ಅವರು, "ಲೆಕ್ಕ ತಪ್ಪಿದ್ದು ನಿಮ್ಮದು, ಅಂಕ ಕಳೆದದ್ದು ನನ್ನದು" ಎಂದು ನಕ್ಕರು.

ಮುರಿದ ಮೂಳೆ ಕೂಡಿತು. ಆದರೆ ಸಂಘದ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಅವರು ಇಂದಿಗೂ ನಡುವೆ ಒಮ್ಮೆ ಲೇಖನಿಯನ್ನು ಕೆಳಗಿಡುತ್ತಾರೆ. ಶಾಲನ್ನು ಮಾತ್ರ ಹಿಂದೆ ಕೊಟ್ಟಿಲ್ಲ, ನಾವೂ ಕೇಳಿಲ್ಲ.